ಹರಾಜಿನವರ ಮನೆಯಲ್ಲಿ ಕಳುವಾದ ದನಿ

"ಬೇಗ ಬನ್ನಿ! ನನ್ನ ಹೆಂಡ್ತಿ ದನಿ ಹೋಗ್ಬಿಟ್ಟಿದೆ!"

ಫೋನಿನಲ್ಲಿ ಗೊಗ್ಗರು ಗಂಟಲು. ಗಂಟಲಿನ ಡಾಕ್ಟರಮ್ಮನ ಬಳಿ ನಾನು ನರ್ಸಾಗಿ ಸೇರಿ ವಾರವಷ್ಟೇ ಆಗಿತ್ತು.

"ಮಾರ್ಕೆಟ್ಟಲ್ಲಿ ಹರಾಜು ಕೂಗ್ತಿದ್ದೋರ ಮನೆಯಂತೆ," ಎಂದೆ.

"ಫೋನ್ ಮಾಡಿದ್ದು ಯಾರು?"

"ಯಜಮಾನ್ರೇ."

ಡಾಕ್ಟರಮ್ಮ ಚಪ್ಪಲಿ ಮೆಟ್ಟಿದ್ದೇ ತಡ, ಹೊರಟೇಬಿಟ್ಟರು.

ಆ ಮನೆಯಲ್ಲಿ ಅಜ್ಜಿ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೊಂದು ಸ್ಲೇಟು. ಅದರಲ್ಲಿ ದೊಡ್ಡದಾಗಿ— "ಮಾತು ಬರ್ತಿಲ್ಲ." ಮೂಲೆಯಲ್ಲಿ ಅರ್ಧ ಅಳಿಸಿದ ಹಳೆಯ ಅಕ್ಷರ— "ಉಪ್ಪು ಕಮ್ಮಿ."

"ಯಾವಾಗಿಂದ ಹೀಗೆ?"

"ನಿನ್ನೆಯಿಂದ!" ಅಜ್ಜ ನಿಂತಲ್ಲಿ ನಿಲ್ಲಲಾರದೆ ಹೇಳಿದರು. "ಪಕ್ಕದ ಮನೆಯೋಳು ಐಸ್‌ಕ್ರೀಂ ತಿನ್ಸಿದ್ಲು. ಇಲ್ಲಾ, ಮೊನ್ನೆ ಇವಳು ನಲ್ಲಿ ಹತ್ರ ಜಗಳ ಆಡಿದ್ಲು, ಅದೂ ಇರ್ಬಹುದು. ವಾಸಿ ಆಗುತ್ತಲ್ವಾ ಡಾಕ್ಟ್ರೇ?"

ನನ್ನ ಅನುಮಾನವೆಲ್ಲ ಐಸ್‌ಕ್ರೀಮಿನ ಮೇಲೆ.

"ಅಜ್ಜಿ, ಒಂದ್ಸಲ ಕೆಮ್ಮಿ," ಎಂದರು ಡಾಕ್ಟರಮ್ಮ.

ಅಜ್ಜಿ ಕೆಮ್ಮಿದರು. ಕಿಟಕಿಯಲ್ಲಿದ್ದ ಬೆಕ್ಕು ಎದ್ದುಬಿದ್ದು ಓಡಿತು.

"ಅಜ್ಜ, ನಮಗೆಲ್ಲ ಒಂದಿಷ್ಟು ಟೀ ಮಾಡ್ತೀರಾ?"

ಅವರು ಅಡುಗೆಮನೆಗೆ ಹೋದೊಡನೆ ಡಾಕ್ಟರಮ್ಮ ದನಿ ತಗ್ಗಿಸಿದರು. "ಕಳ್ಳಿ ನೀವೇ!"

ಅಜ್ಜಿಯ ಮುಖ ಸಣ್ಣದಾಯಿತು. ನಾನು ಕಕ್ಕಾಬಿಕ್ಕಿ.

"ಧ್ವನಿಪೆಟ್ಟಿಗೇಲಿ ಎರಡು ತಂತು ಇವೆ. ಉಸಿರಾಡುವಾಗ ದೂರ ಸರೀತಾವೆ. ಮಾತಿಗೂ ಕೆಮ್ಮಿಗೂ ಒಂದನ್ನೊಂದು ಮುಟ್ಟಬೇಕು. ಇಷ್ಟು ಗಟ್ಟಿಯಾಗಿ ಕೆಮ್ಮೋರಿಗೆ ಮಾತು ಬರಲ್ವಾ? ನಿಜವಾಗಿ ಕೆಟ್ಟಿರೋದು ಯಜಮಾನ್ರದ್ದು. ಕತ್ತಿನ ಆಪರೇಷನ್ ಆದ್ಮೇಲೆ ಒಂದು ತಂತು ಅಲುಗಾಡ್ತಿಲ್ಲ. ಮಾತಾಡ್ತಾ ಆಡ್ತಾ ಇನ್ನೊಂದೇ ಅದರ ಹತ್ರ ಹೋಗೋದು ಕಲೀಬೇಕು ಅಂದಿದ್ದೆ. ಅವರೋ, ದನಿ ಗೊಗ್ಗರಾಯ್ತು ಅಂತ ನಾಚ್ಕೊಂಡು ಮೂರು ತಿಂಗಳು ಬಾಯೇ ಬಿಡಲಿಲ್ಲ."

"ಹಾಗಾದ್ರೆ ಈ ಸ್ಲೇಟು?" ಎಂದೆ.

"ಅವರದೇ. ಅಡುಗೆ ಮಾಡೋರು 'ಉಪ್ಪು ಕಮ್ಮಿ' ಅಂತ ಬರೀತಾರೇನಮ್ಮಾ?"

ಅಜ್ಜಿ ಕಣ್ಣೊರೆಸಿಕೊಂಡು ಪಿಸುಗುಟ್ಟಿದರು. "ಎಲ್ಲಾದಕ್ಕೂ ಅವರ ಬದಲು ನಾನೇ ಮಾತಾಡ್ತಿದ್ದೆ. ನನ್ನ ಬಾಯಿಂದಲೇ ಅವರ ಬಾಯಿ ಹೋಗುತ್ತಲ್ಲಾ ಅಂತ ದನಿ ಹೋದ ಹಾಗೆ ನಟಿಸಿದೆ. ನಿನ್ನೆ ಅವರು ನನ್ನ ಹೆಸರು ಹಿಡಿದು ಕೂಗಿದ್ರು, ತಾಯಿ! ಉತ್ತರ ಕೊಡದೆ ಇರೋಕೆ ತುಟಿ ಕಚ್ಕೊಂಡೆ."

ಡಾಕ್ಟರಮ್ಮ ಅವರ ಕೈ ಹಿಡಿದು, ಚೀಟಿಯಲ್ಲಿ ಬರೆದರು— ಅಜ್ಜಿಗೆ ಹದಿನೈದು ದಿನ ಮೌನ.

"ಲೇ, ಸಕ್ಕರೆ ಎಲ್ಲಿಟ್ಟಿದೀಯೇ?" ಒಳಗಿನಿಂದ ಕೂಗು.

ಅಜ್ಜಿ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು.

"ಲೇ! ಸಕ್ಕರೆ!" ಈ ಸಲ ಇನ್ನೂ ಗಟ್ಟಿಯಾಗಿ.

ಸಕ್ಕರೆ ಡಬ್ಬಿ ಅಜ್ಜಿಯ ಶಾಲಿನೊಳಗೇ ಇತ್ತು.