ಆ ಕಡೆ ಯಾರೂ ಇರಲಿಲ್ಲ

"ಮೊದಲು ಫೋನ್ ಇಳಿಸಿ. ಆಮೇಲೆ ಮಾತ್ರೆ."

ಔಷಧಿ ಅಂಗಡಿಯವನ ದನಿ ಸಾಲಿನ ಕೊನೆಯವರೆಗೂ ಕೇಳಿಸಿತು.

ಅವಳು ಇಳಿಸಲಿಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಅಮ್ಮನ ಬಿ.ಪಿ. ಮಾತ್ರೆಯ ಚೀಟಿಯನ್ನು ಗಾಜಿನ ಮೇಲೆ ಮುಂದಕ್ಕೆ ತಳ್ಳಿದಳು.

"ಹ್ಞೂಂ ಅಣ್ಣಾ... ಇಲ್ಲೇ ಇದ್ದೀನಿ. ನೀನು ಅಲ್ಲೇ ನಿಂತಿರು, ಐದೇ ನಿಮಿಷ..."

"ಮೇಡಂ, ನಿಮಗೇ ಹೇಳ್ತಿರೋದು. ಬೋರ್ಡ್ ಓದೋಕೆ ಬರುತ್ತಲ್ವಾ?"

ಬೋರ್ಡು ಅವನ ತಲೆಯ ಮೇಲೇ ಇತ್ತು: ಫೋನಿನಲ್ಲಿ ಮಾತಾಡುತ್ತಿರುವವರಿಗೆ ಔಷಧಿ ಕೊಡುವುದಿಲ್ಲ. ಹಿಂದೊಮ್ಮೆ ಯಾರೋ ಫೋನಿನಲ್ಲಿ ಹರಟುತ್ತಲೇ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಮನೆಗೆ ಹೋಗಿ ಮಗುವಿಗೆ ಮೂರು ಪಾಲು ಔಷಧಿ ಕುಡಿಸಿದ್ದರಂತೆ. ಮಗು ಹೇಗೋ ಉಳಿಯಿತು. ಅವತ್ತಿನಿಂದ ಈ ಬೋರ್ಡು. ಅವತ್ತಿನಿಂದ ಬೀದಿಯವರೆಲ್ಲ ಅವನನ್ನು ಕರೆಯುವುದು ಹೆಡ್‌ಮಾಸ್ಟ್ರು ಅಂತಲೇ.

"ಅಣ್ಣಾ, ಇನ್ನೇನು ಬಂದೇಬಿಟ್ಟೆ..."

ಆಗಲೇ ಆ ಫೋನು ಅವಳ ಕಿವಿಯಲ್ಲೇ ರಿಂಗಾಗತೊಡಗಿತು!

ಅವಳ ಜೀವ ಬಾಯಿಗೆ ಬಂತು. ಗಡಬಡಿಸಿ ನೋಡಿದರೆ ಪರದೆಯ ಮೇಲೆ ದಪ್ಪಕ್ಷರದಲ್ಲಿ 'ಅಣ್ಣ'.

"ಅಯ್ಯೋ, ಮಾತಾಡ್ತಿರೋ ಫೋನೇ ರಿಂಗಾಗ್ತಿದೆಯಲ್ಲಮ್ಮಾ!" ಸಾಲಿನಲ್ಲಿದ್ದ ಒಬ್ಬರು ನಕ್ಕರು. ಮಿಕ್ಕವರೂ ನಕ್ಕರು.

"ಅಂದ್ರೆ ಆ ಕಡೆ ಯಾರೂ ಇರ್ಲಿಲ್ಲ," ಹೆಡ್‌ಮಾಸ್ಟ್ರು ಬಿಡಲಿಲ್ಲ. "ಸುಮ್ನೆ ದೊಡ್ಡಸ್ತಿಕೆಗೆ ಕಿವಿಗಿಟ್ಕೊಂಡು ಬರೋದು. ಎದುರಿಗಿರೋ ಮನುಷ್ಯನ ಮುಖ ನೋಡಿ ಮಾತಾಡೋಕೆ ಏನ್ರೀ ಕಷ್ಟ?"

ಅವಳು ಅವನ ಮುಖ ನೋಡಲಿಲ್ಲ. ತಿರುಗಿ ಬಾಗಿಲಿನಾಚೆ ನೋಡಿದಳು.

ಎದುರಿನ ಕಂಬದ ಪಕ್ಕ ಬೈಕಿಗೆ ಒರಗಿ ನಿಂತಿದ್ದ ಬೂದು ಜಾಕೆಟ್ಟಿನವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಅವನು ಮೊದಲ ಸಲ ನಕ್ಕ.

ಅವಳು ಅಣ್ಣನ ಕರೆಯನ್ನು ಕತ್ತರಿಸಿದಳು.

ಅವಳು ಎರಡು ಬೀದಿ ಆಚೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ಚೂರು ಹೆಚ್ಚು ಉಜ್ಜಿದರೆ ಗಾಜು ಸಡಿಲ, ಚೂರು ಕಮ್ಮಿಯಾದರೆ ಫ್ರೇಮ್ ಬಿರಿಯುತ್ತದೆ. ಎರಡು ವರ್ಷ ಬೆರಳು ಕೊಯ್ದುಕೊಂಡು ಕಲಿತ ವಿದ್ಯೆ ಅದು. ಹಗಲೆಲ್ಲ ಅವಳಿಗೆ ಯಾರ ಹೆದರಿಕೆಯೂ ಇರುತ್ತಿರಲಿಲ್ಲ.

ಸಂಜೆ ಏಳಕ್ಕೆ ಅಂಗಡಿಯಿಂದ ಇಳಿದರೆ ಮಾತ್ರ ಎದೆ ಡವಡವ.

ಬೂದು ಜಾಕೆಟ್ಟಿನವನು ಹನ್ನೊಂದು ದಿನಗಳಿಂದ ಅವಳ ಹಿಂದಿದ್ದ. ಮೊದಲ ದಿನ ಅಂಗಡಿಯೆದುರು ನಿಂತಿದ್ದ. ನಾಲ್ಕನೆಯ ದಿನ ಬಸ್ ನಿಲ್ದಾಣದವರೆಗೆ, ಎಂಟನೆಯ ದಿನ ಅವಳ ಬೀದಿಯ ತಿರುವಿನವರೆಗೆ ಬಂದಿದ್ದ. ಒಂದು ಮಾತಾಡಿದ್ದಿಲ್ಲ, ಮೈ ಮುಟ್ಟಿದ್ದಿಲ್ಲ.

'ಯಾರಿಗಾದರೂ ಏನಂತ ಹೇಳಲಿ? ಅವನ ಮನೆಯೂ ಇದೇ ದಾರಿಯಲ್ಲಿರಬಹುದಲ್ಲ? ನನ್ನದೇ ಹುಚ್ಚು ಕಲ್ಪನೆಯಾಗಿದ್ದರೆ?'

ಮನೆಯಲ್ಲಿ ಹೇಳುವ ಹಾಗೇ ಇರಲಿಲ್ಲ. ಅಣ್ಣ ಕೆಲಸಕ್ಕೆ ಕಳಿಸುವ ಮೊದಲೇ ಹೇಳಿದ್ದ: "ದಾರೀಲಿ ಒಂದು ಸಣ್ಣ ಕಿರಿಕಿರಿ ಆಯ್ತು ಅಂತ ಕೇಳಿದ್ರೂ ಮಾರನೇ ದಿನದಿಂದ ಕೆಲಸ ಬಂದ್." ಅಮ್ಮನಿಗೆ ಹೇಳಿದರೆ ಅಣ್ಣನಿಗೆ ಹೇಳಿದಂತೆಯೇ.

ಹಾಗಾಗಿ ಅವಳು ಸುಮ್ಮನಿದ್ದ ಫೋನನ್ನು ಕಿವಿಗಿಟ್ಟು, ಎಲ್ಲೋ ಮುಂದೆ ಕಾಯುತ್ತಿರುವ ಅಣ್ಣನೊಡನೆ ಮಾತಾಡುತ್ತಾ ನಡೆಯುತ್ತಿದ್ದಳು. ಅವಳಿಗಿದ್ದ ಕಾವಲು ಅದೊಂದೇ.

ಇವತ್ತು ಅದೂ ಹೋಯಿತು...

ಮಾತ್ರೆಯ ಪೊಟ್ಟಣ ಕಸಿದುಕೊಂಡಂತೆ ತೆಗೆದುಕೊಂಡಳು. ಸಾಲಿನಲ್ಲಿದ್ದ ಅಜ್ಜಿಯೊಬ್ಬರ ಚೀಲ ಹಿಡಿದು, "ಅಜ್ಜಿ, ನಾನು ಎತ್ಕೊಂಡು ಬರ್ತೀನಿ, ಬಸ್ ನಿಲ್ದಾಣಕ್ಕೆ ತಾನೇ?" ಅಂದಳು.

"ಅಯ್ಯೋ, ಈ ಕಾಲದಲ್ಲೂ ಇಂಥ ಮಕ್ಕಳಿದ್ದಾರಲ್ಲಪ್ಪಾ!" ಅಜ್ಜಿ ಹರಸಿದರು. ಆ ಹಾರೈಕೆಗೆ ತಾನು ಯೋಗ್ಯಳಲ್ಲ ಅನ್ನಿಸಿ ಅವಳಿಗೆ ಅಳು ಬಂತು.

ಅವಳು ಹೋದ ದಾರಿಯನ್ನು ಹೆಡ್‌ಮಾಸ್ಟ್ರು ನೋಡುತ್ತಾ ನಿಂತ. ಬೈಕಿನವನು ಹಿಂದೆಯೇ ಹೊರಟದ್ದನ್ನೂ ನೋಡಿದ.

"ಏನ್ ಸಾರ್, ನನ್ನ ಸಿರಪ್ ಕೊಡ್ತೀರೋ ಇಲ್ವೋ?" ಎಂದು ಮುಂದಿನವರು ಕೇಳುವವರೆಗೂ ಅವನ ಕೈ ಅಲ್ಲಾಡಲಿಲ್ಲ.

ಮಾರನೆಯ ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಅವಳ ಫೋನು ರಿಂಗಾಯಿತು. ಗುರುತಿಲ್ಲದ ನಂಬರು.

ಅವಳು ಹಿಂದೆ ನೋಡಿದಳು. ಬೂದು ಜಾಕೆಟ್ಟು ಜನರ ನಡುವೆ ಕಾಣಿಸಿ ಮರೆಯಾಯಿತು.

'ನನ್ನ ನಂಬರ್ ಅವನಿಗೆ ಸಿಕ್ಕಿಬಿಟ್ಟಿದೆ!'

ಕರೆಯನ್ನು ಕತ್ತರಿಸಿದಳು. ಮತ್ತೆ ಬಂತು, ಮತ್ತೆ ಕತ್ತರಿಸಿದಳು. ಎರಡನೆಯ ದಿನವೂ ಅದೇ ನಂಬರು, ಅದೇ ಏಳು ಹತ್ತು. ಈಗ ಜಾಕೆಟ್ಟಿನವನು ಮೊದಲಿನಷ್ಟು ದೂರ ಉಳಿಯುತ್ತಿರಲಿಲ್ಲ. ಬೈಕ್ ಬಿಟ್ಟು ನಡೆದೇ ಬರುತ್ತಿದ್ದ. ಅವನ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು.

ಮೂರನೆಯ ದಿನ ಧೈರ್ಯ ತಂದುಕೊಂಡು ಎತ್ತಿದಳು. "ಹ... ಹಲೋ?"

ಆ ಕಡೆ ಗಂಡಸಿನ ದನಿ, ಪಿಸುಮಾತಿನಷ್ಟು ಮೆಲ್ಲಗೆ: "ಹೆದರ್ಕೋಬೇಡಿ... ನೀವು ಎಲ್ಲಿದ್ದೀರಿ ಅಂತ ನಂಗೆ ಗೊತ್ತು..."

ಫೋನ್ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡು ಓಡಿದಳು. ಮನೆ ತಲುಪಿ ಬಾಗಿಲ ಚಿಲಕ ಹಾಕಿ, ಹಾಕಿದ್ದೇನೆಯೇ ಎಂದು ಮೂರು ಸಲ ಮುಟ್ಟಿ ನೋಡಿದಳು.

"ಏನೇ ಅದು, ಬೆವರು ಸುರೀತಿದೆ?" ಅಮ್ಮ ಕೇಳಿದರು.

"ಸೆಖೆ ಅಮ್ಮ."

ಮರುದಿನ ಮಧ್ಯಾಹ್ನ ಅಂಗಡಿಯ ಯಜಮಾನಿಗೆ ಹೇಳಿಯೇಬಿಟ್ಟಳು. "ಅಕ್ಕ, ನಾನು ನಾಳೆಯಿಂದ ಬರಲ್ಲ. ಅಮ್ಮಂಗೆ ಹುಷಾರಿಲ್ಲ."

ಯಜಮಾನಿ ಕೈಯಲ್ಲಿದ್ದ ಫ್ರೇಮ್ ಕೆಳಗಿಟ್ಟರು. "ಅಮ್ಮಂಗೆ ಹುಷಾರಿಲ್ವೋ, ನಿನಗೋ? ಮೂರು ದಿನದಲ್ಲಿ ಎರಡು ಗಾಜು ಒಡೆದಿದ್ದೀಯ. ನೀನು ಗಾಜು ಒಡೆಯೋ ಹುಡುಗಿ ಅಲ್ಲ. ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲಕ್ಕ... ಯಾರೂ ಏನೂ ಅಂದಿಲ್ಲ."

ಅದು ನಿಜವೇ ಆಗಿತ್ತು. ಹೇಳಿಕೊಳ್ಳಲು ಕಷ್ಟವಾಗಿದ್ದೂ ಅದಕ್ಕೇ.

ಸಂಜೆ ತನ್ನ ಕತ್ತರಿ, ಸಣ್ಣ ಸ್ಕ್ರೂಡ್ರೈವರ್, ಒರೆಸುವ ಬಟ್ಟೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಳು. ಉಜ್ಜುವ ಯಂತ್ರದ ಮೇಲಿನ ಬಿಳಿ ಪುಡಿಯನ್ನು ಎರಡು ಸಲ ಒರೆಸಿದಳು. ಇನ್ನು ಮನೆಯಲ್ಲೇ ಕೂರುವುದು, ಅಷ್ಟೇ.

ಕೊನೆಯದಾಗಿ ಔಷಧಿ ಅಂಗಡಿಗೆ ಹೋಗಲೇಬೇಕಿತ್ತು. ಅವತ್ತು ಅವಸರದಲ್ಲಿ ಅಮ್ಮನ ಒಂದು ಮಾತ್ರೆ ಬಿಟ್ಟುಬಂದಿದ್ದಳು.

ಅವಳನ್ನು ಕಂಡದ್ದೇ ಹೆಡ್‌ಮಾಸ್ಟ್ರು ಕೈಯಲ್ಲಿದ್ದ ಕೆಲಸ ಬಿಟ್ಟು ಮುಂದೆ ಬಂದ. ದನಿ ತಗ್ಗಿಸಿ ಕೇಳಿದ:

"ಯಾಕ್ರೀ ಫೋನ್ ಎತ್ತಲಿಲ್ಲ? ನಿನ್ನೆ ಎತ್ತಿದವರು ಯಾಕೆ ಕಟ್ ಮಾಡಿದ್ರಿ?"

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ನೀ... ನೀವಾ?"

"ನಾನೇ. ಸ್ಟಾಕಿಲ್ಲದ ಮಾತ್ರೆ ಬಂದ್ರೆ ತಿಳಿಸಿ ಅಂತ ನಂಬರ್ ಕೊಟ್ಟಿದ್ರಲ್ಲ... ಅವತ್ತು ನೀವು ಹೋದ್ಮೇಲೆ ಆ ಬೈಕಿನವನನ್ನ ನೋಡಿದೆ. ಆಗ ಅರ್ಥ ಆಯ್ತು, ನೀವು ಯಾಕೆ ಫೋನ್ ಇಳಿಸಲಿಲ್ಲ ಅಂತ. ನನ್ನ ಬಾಯಿಂದಲೇ ಅವನಿಗೂ ಗೊತ್ತಾಗೋ ಹಾಗೆ ಮಾಡಿಬಿಟ್ಟೆ. ಅದಕ್ಕೆ... ನೀವು ನಡೆಯೋ ಹೊತ್ತಲ್ಲಿ ಆ ಕಡೆ ನಿಜವಾಗ್ಲೂ ಒಬ್ಬರು ಇರ್ಲಿ ಅಂತ..."

"ಹೆದರ್ಕೋಬೇಡಿ ಅಂದಿದ್ದು ನೀವಾ? ನೀವು ಎಲ್ಲಿದ್ದೀರಿ ಅಂತ ಗೊತ್ತು ಅಂದಿದ್ದು?"

"ಹೌದು. ನಿಲ್ದಾಣಕ್ಕೆ ಹತ್ತಿರ ಇರ್ತೀರಿ ಅಂತ ಲೆಕ್ಕ ಹಾಕಿ..."

"ಯಾರು ಅಂತ ಹೇಳೋಕೆ ಏನಾಗಿತ್ತು?!"

"ಅಷ್ಟರಲ್ಲಿ ನೀವು ಕಟ್ ಮಾಡಿದ್ರಿ..."

"ಒಂದು ಮೆಸೇಜ್ ಹಾಕ್ಬೋದಿತ್ತಲ್ಲ?"

"ಹಾಕಿದ್ರೆ... ನೀವು ತಪ್ಪು ತಿಳ್ಕೋತೀರಿ ಅಂತ..." ತನ್ನ ಮಾತು ತನಗೇ ಕೇಳಿಸಿ ಅವನ ಮುಖ ಸಪ್ಪಗಾಯಿತು.

ಅವಳ ಕಣ್ಣಲ್ಲಿ ನೀರು ತುಂಬಿತು. ಆದರೆ ದನಿ ಗಟ್ಟಿಯಾಗಿಯೇ ಬಂತು.

"ಹನ್ನೊಂದು ದಿನ ಅವನು ಹೆದರಿಸಿದ. ನಾನು ಕೆಲಸಕ್ಕೆ ಹೋಗ್ತಾನೇ ಇದ್ದೆ. ನೀವು ಮೂರೇ ದಿನ ಹೆದರಿಸಿದ್ರಿ, ನಾನು ಇವತ್ತು ಕೆಲಸ ಬಿಟ್ಟು ಬಂದಿದ್ದೀನಿ! ಊರಿಗೆಲ್ಲ ಫೋನ್ ಮರ್ಯಾದೆ ಹೇಳಿಕೊಡ್ತೀರಲ್ಲ? ಕೇಳದೆ ಒಬ್ಬಳ ನಂಬರಿಗೆ ಕರೆ ಮಾಡಬಾರದು ಅನ್ನೋದು ನಿಮ್ಮ ಬೋರ್ಡಲ್ಲಿ ಇಲ್ವಾ?"

ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ.

ಅವನು ತನ್ನ ಫೋನ್ ತೆಗೆದು, ಅವಳಿಗೆ ಕಾಣುವಂತೆ ಹಿಡಿದು ನಂಬರ್ ಅಳಿಸಿದ. "ತಪ್ಪಾಯ್ತು," ಅಂದ. ಅದಕ್ಕೆ ಇನ್ನೇನೂ ಸೇರಿಸಲಿಲ್ಲ.

ಅವಳು ಮಾತ್ರೆಯನ್ನೂ ತೆಗೆದುಕೊಳ್ಳದೆ ಹೊರಬಿದ್ದಳು. ಮೈಯೆಲ್ಲ ಉರಿಯುತ್ತಿತ್ತು.

ಎದುರಿಗೇ, ಮತ್ತೆ ಬೈಕಿಗೆ ಒರಗಿಕೊಂಡು, ಬೂದು ಜಾಕೆಟ್ಟು!

ಎಂದಿನಂತೆ ಕೈ ಫೋನಿನ ಕಡೆ ಹೋಯಿತು. ಆದರೆ ಸಿಟ್ಟು ಇನ್ನೂ ಆರಿರಲಿಲ್ಲ. ಅದು ಆರಿದರೆ ಮತ್ತೆ ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು.

"ಏನ್ ಬೇಕು ನಿಮಗೆ?" ಇಡೀ ಬೀದಿಗೆ ಕೇಳುವಂತೆ ಕೂಗಿದಳು. "ಹದಿನಾಲ್ಕು ದಿನದಿಂದ ನನ್ನ ಹಿಂದೆ ಬರ್ತಿದ್ದೀರಿ. ಏನ್ ಬೇಕು ಹೇಳಿ!"

"ಏಯ್, ರಸ್ತೆ ಏನು ನಿಮ್ಮಪ್ಪಂದಾ?" ಅಂದ ಅವನು. ಆದರೆ ಕಣ್ಣು ಅಕ್ಕಪಕ್ಕ ಓಡಿತು.

ಅವಳು ಅವನ ಬೈಕಿನ ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿದಳು. ಹಿಂದೆ ಹೆಡ್‌ಮಾಸ್ಟ್ರು ಅಂಗಡಿಯ ಮೆಟ್ಟಿಲಿನ ಮೇಲೆ ನಿಂತು, ಅದನ್ನು ಮಾತ್ರೆಯ ಕವರಿನ ಮೇಲೆ ಬರೆದುಕೊಳ್ಳುತ್ತಿದ್ದ. ಸಾಲಿನಲ್ಲಿದ್ದವರೆಲ್ಲ ಅವನ ಸುತ್ತ ಇಳಿದು ಬಂದಿದ್ದರು.

"ಹದಿನಾಲ್ಕು ದಿನಾನಾ?" ಅವರಲ್ಲಿದ್ದ ಹೆಂಗಸೊಬ್ಬರು ಸೆರಗು ಬಿಗಿದುಕೊಂಡರು. "ಏಯ್, ಎಲ್ಲೋ ಹೊರಟೆ? ನಿಲ್ಲೋ!"

ಅವನು ನಿಲ್ಲಲಿಲ್ಲ.

ಅದೇ ಸಂಜೆ ಅವಳು ಕನ್ನಡಕದ ಅಂಗಡಿಗೆ ಮರಳಿ ಎಲ್ಲ ಹೇಳಿದಳು; ಯಜಮಾನಿ ಅವಳೊಡನೆ ಠಾಣೆಗೆ ಬಂದರು. ಪೊಲೀಸರು ಬೈಕಿನ ನಂಬರ್ ಹಿಡಿದು ಅವನನ್ನು ಕರೆಸಿದರು, ಇನ್ನು ಅವಳ ಹಿಂದೆ ಬರುವುದಿಲ್ಲವೆಂದು ಬರೆಸಿಕೊಂಡರು. ಆಮೇಲೆ ಅವನು ಆ ಬೀದಿಯಲ್ಲಿ ಕಾಣಲಿಲ್ಲ.

ಮನೆಯಲ್ಲಿ ಅಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದ. "ನಾನು ಮೊದಲೇ ಹೇಳಿದ್ದೆ. ಕೆಲಸ ಬಿಡು."

"ಬಿಡಬೇಕಾದವನು ಅವನು ಅಣ್ಣ, ಬಿಟ್ಟ. ನಾನ್ಯಾಕೆ ಬಿಡಲಿ?"

ಅಣ್ಣ ಅವಳ ಚೀಲ ಎತ್ತಿ ಕೈಗೆ ಕೊಟ್ಟ. "ಸಂಜೆ ತಡ ಆದ್ರೆ ಫೋನ್ ಮಾಡು. ನಿಜವಾಗ್ಲೂ ಮಾಡು," ಅಂದ.

ಅವಳು ಕೆಲಸಕ್ಕೆ ಮರಳಿದಳು. ಆದರೆ ಔಷಧಿ ಅಂಗಡಿಯ ಮುಂದೆ ಹೋಗುವಾಗ ತಲೆ ತಗ್ಗಿಸುತ್ತಿದ್ದಳು. 'ಅಷ್ಟು ಜನರ ಮುಂದೆ ಅಷ್ಟೆಲ್ಲ ಅಂದುಬಿಟ್ಟೆನಲ್ಲ... ಆ ಮನುಷ್ಯ ಕೆಟ್ಟದ್ದೇನೂ ಎಣಿಸಿರಲಿಲ್ಲ. ತಪ್ಪಾಯ್ತು ಅಂದಮೇಲೆ ಒಂದು ಕಾರಣವನ್ನೂ ಕೊಡಲಿಲ್ಲ.' ಮಾತ್ರೆ ತರಲು ಈಗ ಅಮ್ಮನನ್ನೇ ಕಳಿಸುತ್ತಿದ್ದಳು. "ನಿಮ್ಮ ಮಗಳು ಹೇಗಿದ್ದಾರೆ ಅಂತ ಕೇಳೋಕೆ ಬಾಯಿ ತೆಗೀತಾನೆ, ಆಮೇಲೆ ತಿಂಡಿ ಆದ್ಮೇಲೆ ಒಂದು ಅಂತ ಮಾತ್ರೆ ಲೆಕ್ಕ ಹೇಳ್ತಾನೆ," ಅಮ್ಮ ಬಂದು ಹೇಳುತ್ತಿದ್ದರು.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಕನ್ನಡಕದ ಅಂಗಡಿಯ ಬಾಗಿಲು ತೆರೆಯಿತು.

ಹೆಡ್‌ಮಾಸ್ಟ್ರು! ಇಸ್ತ್ರಿ ಮಾಡಿದ ಅಂಗಿ, ಬಾಚಿದ ಕೂದಲು.

"ಕಣ್ಣು ಮಂಜಾಗ್ತಿದೆ," ಅಂದ ಯಜಮಾನಿಗೆ.

ಯಜಮಾನಿ ಅಕ್ಷರದ ಬೋರ್ಡು ತೋರಿಸಿದರು. ಅವನು ಕೊನೆಯ ಸಾಲಿನವರೆಗೂ ಗಿಳಿಯಂತೆ ಓದಿದ.

"ನಿಮ್ಮ ಕಣ್ಣು ಹದ್ದಿನ ಕಣ್ಣಿನ ಹಾಗಿದೆ," ಯಜಮಾನಿ ನಗು ತಡೆದುಕೊಂಡರು. "ಬಿಸಿಲಿನ ಕನ್ನಡಕ ಬೇಕಿದ್ರೆ ತಗೊಳ್ಳಿ. ಅಳತೆ ಈ ಹುಡುಗಿ ತಗೋತಾಳೆ." ಇಷ್ಟು ಹೇಳಿ, ಇಲ್ಲದ ಕೆಲಸ ಹುಡುಕಿಕೊಂಡು ಒಳಗೆ ಹೋದರು.

ಇಬ್ಬರೇ ಉಳಿದರು.

"ಕಣ್ಣು ಚೆನ್ನಾಗೇ ಇದೆ ಅಂತ ನಿಮಗೆ ಗೊತ್ತಿತ್ತು," ಅಂದಳು ಅವಳು.

"ಗೊತ್ತಿತ್ತು."

"ಮತ್ತೆ?"

"ನನ್ನ ಅಂಗಡೀಲಿ ಮಾತಾಡಿದ್ರೆ ನೀವು ಮಾತ್ರೆಗೋಸ್ಕರ ನಿಂತು ಕೇಳಬೇಕು. ಫೋನ್ ಮಾಡೋ ಯೋಗ್ಯತೆ ನನಗಿಲ್ಲ. ದಾರೀಲಿ ಹಿಂದೆ ಬರೋದು... ಅದು ಸತ್ತರೂ ಆಗಲ್ಲ." ಅವನು ಉಜ್ಜುವ ಯಂತ್ರದ ಕಡೆ ಕೈ ತೋರಿಸಿದ. "ಇದು ನಿಮ್ಮ ಜಾಗ. ಇಲ್ಲಿ ನೀವು ಹೋಗು ಅಂದ್ರೆ ನಾನು ಹೋಗ್ಬೇಕಾಗುತ್ತೆ. ಅದಕ್ಕೆ ಇಲ್ಲಿಗೆ ಬಂದೆ. ನಂಗೆ ನೀವು ಇಷ್ಟ. ಇಷ್ಟೇ ಹೇಳೋಕಿದ್ದಿದ್ದು."

ಅವಳು ಹೋಗಿ ಅನ್ನಲಿಲ್ಲ. ಏನನ್ನಬೇಕೆಂದೂ ತಿಳಿಯದೆ ಕೈಗೆ ಸಿಕ್ಕ ಚಿಕ್ಕ ಸ್ಕೇಲ್ ತೆಗೆದುಕೊಂಡು ಅವನೆದುರು ಸ್ಟೂಲಿನ ಮೇಲೆ ಕೂತಳು. ಕಣ್ಣುಪಾಪೆಗಳ ನಡುವಿನ ಅಂತರ ಅಳೆಯಬೇಕಾದರೆ ಸ್ಕೇಲನ್ನು ಮೂಗಿನ ಮೇಲೆ ಅಡ್ಡ ಹಿಡಿದು, ಒಬ್ಬರನ್ನೊಬ್ಬರು ನೇರ ನೋಡಬೇಕು. ದಿನಕ್ಕೆ ಹತ್ತು ಜನರಿಗೆ ಅವಳು ಮಾಡುವ ಕೆಲಸ.

"ನನ್ನ ಕಣ್ಣನ್ನೇ ನೋಡಿ," ಅಂದಳು.

ಅವನು ನೋಡಿದ.

"ಅಲುಗಾಡ್ಬೇಡಿ."

"ನಾನು ಅಲುಗಾಡ್ತಿಲ್ಲ..." ಅವನು ಮೆಲ್ಲಗೆ ಹೇಳಿದ. "ಸ್ಕೇಲ್ ಅಲುಗಾಡ್ತಿದೆ."

ಅವಳ ಮುಖ ಕೆಂಪೇರಿತು. ಆದರೂ ಕೈ ಕೆಳಗಿಳಿಸಲಿಲ್ಲ.

"ಇನ್ನೂ ಹೆದರಿಕೆನಾ?" ಅವನು ಕೇಳಿದ.

"ಹ್ಞೂಂ."

"ನನ್ನನ್ನ ಕಂಡ್ರಾ?"

"ಅಲ್ಲ..." ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಾಯಿತು. "ಅಳತೆ ಮುಗಿದ ತಕ್ಷಣ ನೀವು ಎದ್ದು ಹೋಗ್ಬಿಟ್ರೆ ಅಂತ."

ಅವನು ಕುಳಿತಲ್ಲಿಂದ ಕದಲಲಿಲ್ಲ.

"ಹಾಗಾದ್ರೆ ನಿಧಾನಕ್ಕೆ ಅಳೀರಿ," ಅಂದ.