ಏಳನೇ ಬ್ಯಾಚು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಸ್ಟೇಷನ್‌ಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ಮಧ್ಯಾಹ್ನ ಅವಳ ಅಕ್ಕ ಮನೆಯ ನೆಲ ಒರೆಸುತ್ತಿದ್ದವಳು ಕುಸಿದು ಸತ್ತಿದ್ದಳು. ಪಕ್ಕದಲ್ಲಿ ಫಿನೈಲ್ ಕ್ಯಾನು. ಆಸ್ಪತ್ರೆಯವರು ‘ವಿಷ ಸೇವನೆ’ ಎಂದು ಬರೆದು ಕೈತೊಳೆದುಕೊಂಡಿದ್ದರು.

“ನಮ್ಮಕ್ಕ ವಿಷ ಕುಡಿಯೋಳಲ್ಲ ಸಾರ್,” ಎಂದಳು ಕಡ್ಡಿ ಮುರಿದಂತೆ. “ಆತ್ಮಹತ್ಯೆ ಅಂತ ಮಾತ್ರ ಬರೀಬೇಡಿ. ಅವಳ ಮಗಳು ಜೀವನಪೂರ್ತಿ ಅದನ್ನ ಹೊರಬೇಕಾಗತ್ತೆ.”

“ಕ್ಯಾನು ಎಲ್ಲಿಂದ ಬಂತು?” ಇನ್‌ಸ್ಪೆಕ್ಟರ್ ಕೇಳಿದರು.

“ಕೆಲಸದ ಕಡೆಯಿಂದ. ಪೊರಕೆ ಕಪಾಟಲ್ಲಿ ಯಾರೂ ಮುಟ್ಟದೆ ಬಿದ್ದಿತ್ತಂತೆ. ಅಕ್ಕ ಏನನ್ನೂ ದಂಡ ಮಾಡೋಳಲ್ಲ.”

“ಎಲ್ಲಿ ಕೆಲಸ?”

“ಸರ್ಕಾರಿ ಲ್ಯಾಬಲ್ಲಿ. ಗುಡಿಸಿ ಒರೆಸೋದು.”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಮಾರಕ ರಾಸಾಯನಿಕಗಳು ಎಲ್ಲಿ ತಯಾರಾದವು ಎಂದು ಪತ್ತೆಹಚ್ಚುವ ಸಂಶೋಧನೆಗೆಂದೇ ಆ ಲ್ಯಾಬಿಗೆ ಸರ್ಕಾರದ ಅನುದಾನವಿತ್ತು. ಹೋಲಿಸಿ ನೋಡಲು ಅವರೇ ಅವುಗಳ ಸಣ್ಣ ಸಣ್ಣ ಬ್ಯಾಚುಗಳನ್ನು ತಯಾರಿಸುತ್ತಿದ್ದರು. ಪ್ರತಿ ಬ್ಯಾಚಿನಲ್ಲೂ ಬೇರೆ ಬೇರೆ ಕಲ್ಮಷ ಉಳಿಯುತ್ತದೆ. ಅದೇ ಅದರ ಬೆರಳಚ್ಚು. ಈ ಪರೀಕ್ಷೆ ಗೊತ್ತಿದ್ದದ್ದೂ ಆ ಲ್ಯಾಬಿನವರಿಗೆ ಮಾತ್ರ. FIR ದಾಖಲಾಯಿತು. ಕ್ಯಾನಿನ ಮಾದರಿಗೆ ಸೀಲ್ ಹಾಕಿ, ಹೆಸರು ವಿಳಾಸ ಬರೆಯದೆ, ಕೋಡ್ ನಂಬರಷ್ಟೇ ಕೊಟ್ಟು ಅಲ್ಲಿಗೇ ಕಳಿಸಿದರು.

ಗುರುವಾರ ಮಧ್ಯಾಹ್ನ 2.40ಕ್ಕೆ ವರದಿ ಬಂತು. ‘ನಮ್ಮದೇ ಲ್ಯಾಬಿನ ಏಳನೇ ಬ್ಯಾಚು. ಸಂಶಯವಿಲ್ಲ.’ ಕೆಳಗೆ ಹಿರಿಯ ಸಹಾಯಕನ ಸಹಿ.

ಲ್ಯಾಬಿನ ರಿಜಿಸ್ಟರಿನಲ್ಲಿ ಏಳನೇ ಬ್ಯಾಚು ಮೂರು ತಿಂಗಳ ಹಿಂದೆಯೇ ‘ನಾಶಪಡಿಸಲಾಗಿದೆ’. ಅಲ್ಲೂ ಅದೇ ಸಹಿ.

“ಸತ್ತಿದ್ದು ಎದ್ದು ಬಂತಾ ಸಾರ್?” ಎಂದ ಕಾನ್‌ಸ್ಟೇಬಲ್.

ಲ್ಯಾಬಿಗೆ ಹೋಗಿ ಪೊರಕೆ ಇಡುವ ಕಪಾಟಿನ ಪಂಚನಾಮೆ ಮಾಡಿದರು. ಕೆಳಗಿನ ಹಲಗೆಯ ದೂಳಿನಲ್ಲಿ ಕ್ಯಾನಿನ ತಳದಷ್ಟೇ ಅಗಲದ ಗುರುತಿತ್ತು. ಸಹಾಯಕ ತಾನಾಗಿಯೇ ಮುಂದೆ ಬಂದ.

“ಎಂಟು ತಿಂಗಳ ಕೆಲಸ ಸಾರ್. ಅಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ. ಹಾಳು ಮಾಡೋಕೆ ಮನಸ್ಸು ಬರ್ಲಿಲ್ಲ. ಖಾಲಿ ಫಿನೈಲ್ ಕ್ಯಾನಿಗೆ ತುಂಬಿಸಿ ಇಲ್ಲಿಟ್ಟೆ. ಇಲ್ಲಿ ಯಾರು ನೋಡ್ತಾರೆ ಅಂದ್ಕೊಂಡೆ.”

“ನಿಮ್ಮದೇ ಅಂತ ಗೊತ್ತಾದ ಮೇಲೂ ವರದೀಲಿ ಯಾಕೆ ಬರೆದ್ರಿ?”

“ಹದಿನಾರು ವರ್ಷದಲ್ಲಿ ಒಂದು ವರದೀಲೂ ಸುಳ್ಳು ಬರೆದಿಲ್ಲ.”

ಇನ್‌ಸ್ಪೆಕ್ಟರ್ ರಿಜಿಸ್ಟರಿನ ಸಾಲಿನ ಮೇಲೆ ಬೆರಳಿಟ್ಟರು. “ಇದು?”

“ಅದು ವರದಿ ಅಲ್ಲ ಸಾರ್. ಬರೀ ಫಾರಂ.”

4.15ಕ್ಕೆ ಬಂಧನವಾಯಿತು. ಸ್ಟೇಷನ್‌ಗೆ ಮರಳಿದವರೇ ಇನ್‌ಸ್ಪೆಕ್ಟರ್ ಸತ್ತವಳ ತಂಗಿಗೆ ಫೋನ್ ಮಾಡಿ, ಆತ್ಮಹತ್ಯೆಯಲ್ಲ, ನೆಲ ಒರೆಸುವಾಗ ಕ್ಯಾನಿನಲ್ಲಿದ್ದ ವಿಷ ತಾಗಿ ಆದ ಸಾವು ಎಂದು ದಾಖಲಾಗಿರುವುದನ್ನು ತಿಳಿಸಿದರು.

“ನಮ್ಮಕ್ಕನ ಮೇಲೆ ಅವನಿಗೇನು ದ್ವೇಷ ಸಾರ್?”

“ದ್ವೇಷ ಏನಿಲ್ಲಮ್ಮ. ಆ ಕಪಾಟು ದಿನಾ ತೆಗೆಯೋಳು ಒಬ್ಬಳಿದಾಳೆ ಅಂತ ಅವನಿಗೆ ನೆನಪೇ ಬರ್ಲಿಲ್ಲವಂತೆ.”

ಆ ಕಡೆಯಿಂದ ಅಳು ಕೇಳಿಸಿತು. ಇನ್‌ಸ್ಪೆಕ್ಟರ್ ಫೋನ್ ಇಡಲಿಲ್ಲ.