ಉಳಿಸುವ ಸೂತ್ರ

ಗದಗ ಸೀಮೆಯ ಧ್ವನಿಕಣಜ ಗುಂಯ್‌ಗುಡುತ್ತ ಜನರ ಮಾತುಗಳನ್ನು ಅಳಿಸತೊಡಗಿತ್ತು. ಮನೆಮನೆಯ ಗೋಡೆಯಲ್ಲಿದ್ದ ಕಿವಿಯಂತ್ರಗಳು ಕೇಳಿದ್ದೆಲ್ಲ ಅದರಲ್ಲಿ ಕಡತಗಳಾಗಿ ತುಂಬಿ, ಈಗ ಜಾಗ ಸಾಲದಾಗಿತ್ತು. ಯಾವುದನ್ನು ಉಳಿಸಬೇಕೆಂದು ಕಣಜಕ್ಕೆ ಬರೆದುಕೊಡಲು ಪ್ರತಿ ಮನೆಗೂ ಒಂದೇ ಒಂದು ಸೂತ್ರ. ಒಮ್ಮೆ ಉಳಿದದ್ದನ್ನು ಆಮೇಲೆ ಯಾರೂ ಅಳಿಸುವಂತಿರಲಿಲ್ಲ.

ಕಣಜದ ಮುಂದೆ ನಿಂತಿದ್ದ ನೀಲಗಂಗಾಗೆ ಬೇಕಾಗಿದ್ದುದು ತನ್ನ ಕೂಸಿನ ದನಿ. ಚೊಚ್ಚಲ ಹೆರಿಗೆಗೆ ಮುಂಡರಗಿಯ ತವರಿಗೆ ಹೋದವಳು ಅಲ್ಲೇ ಹೆತ್ತು, ಮೂರು ತಿಂಗಳಿಗೆ ಅಲ್ಲೇ ಮಣ್ಣು ಮಾಡಿ, ಬರಿಗೈಯಲ್ಲಿ ಗಂಡನ ಮನೆಗೆ ಮರಳಿದ್ದಳು.

ಸೂತ್ರ ಬರೆಯಲು ಹೋದ ವಾರ ಕಣಜದ ವಿಜ್ಞಾನಿ ಪದ್ಮರಾಜ ಮನೆಗೇ ಬಂದಿದ್ದ.

"ಜಾವಾಸ್ಕ್ರಿಪ್ಟ್ ಅಂತ ಹಳೇ ಕಂಪ್ಯೂಟರ್ ಭಾಷಾದಾಗಿನ ಪದ್ಧತಿನ ಇದು. ಒಂದು ನಕ್ಷತ್ರದ ಗುರುತು ಹಾಕಿದರ ಒಂದ ಕೋಣಿ ಹುಡುಕತೈತಿ. ಎರಡು ಹಾಕಿದರ ಒಳಗಿನ ಕೋಣಿ ಎಲ್ಲಾ ಜಾಲಾಡತೈತಿ. ಕಡೀಕ 'ಕೂಸು' ಅಂತ ಬರದ್ರ ಕೂಸಿನ ದನಿ, ಕೂಸಿನ ಮಾತು ಇರೋ ಕಡತ ಎಲ್ಲಾ ಉಳೀತಾವು. ಆದ್ರ ಇದು ಸಾಪೇಕ್ಷ ದಾರಿ. ನಾವು ಹೇಳಿದ ಮನಿಯಿಂದ ಶುರು ಆಗತೈತಿ. ನಿಮ್ಮ ಮನಿ ಯಾವುದ್ರೀ?"

ಅತ್ತೆ ತಿಪ್ಪವ್ವ ಪಕ್ಕದಲ್ಲೇ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ಅವಳ ಎದುರಿಗೆ ಸೊಸೆ ಬೇರೆ ಯಾವ ಮನೆಯನ್ನು ತನ್ನದೆಂದಾಳು?

"ಇದ ರೀ ನಮ್ಮನಿ," ಎಂದಿದ್ದಳು ನೀಲಗಂಗಾ. ಕೂಸು ಎಲ್ಲಿ ಹುಟ್ಟಿತ್ತೆಂದು ಪದ್ಮರಾಜ ಕೇಳಲಿಲ್ಲ. ಅಷ್ಟು ಓದಿದವನಿಗೆ ಅಷ್ಟೂ ಹೊಳೆಯಲಿಲ್ಲ! ತವರಿನವರೋ, ಮಗಳು ತನ್ನ ಕೂಸನ್ನು ತಾನೇ ಉಳಿಸಿಕೊಳ್ಳುತ್ತಾಳೆಂದು, ತಮ್ಮ ಸೂತ್ರವನ್ನು ತೀರಿಹೋದ ಅವಳ ಅಪ್ಪನ ದನಿಗೆ ಬರೆಸಿದ್ದರು.

ಅಳಿಸುವುದು ಮುಗಿದು ಕಣಜ ನಿಂತಿತು. ನೀಲಗಂಗಾಳ ಮನೆಯದಾಗಿ ಉಳಿದುಕೊಂಡ ಕಡತಗಳನ್ನು ಪದ್ಮರಾಜ ಹಚ್ಚಿದ. ಕೇಳಿಸಿದ್ದು ತಿಪ್ಪವ್ವನ ಗಂಟಲು:

"ಕೂಸು ನುಂಗಿ ಬಂದಾಳ ನೋಡು, ನುಂಗಿ! ಎದ್ಯಾಗ ಹಾಲಿಲ್ಲದಾಕಿ!"

ಮುಂದಿನದೂ ಅದೇ, ಅದರ ಮುಂದಿನದೂ ಅದೇ. ಆ ಮನೆಯಲ್ಲಿ ಕೂಸಿನ ಹೆಸರೆತ್ತಿ ಬೈದದ್ದೊಂದೂ ಬಿಡದೆ ಉಳಿದಿತ್ತು.

"ನನ್ನ ಕೂಸು ಎಲ್ಲಿರೀ? ನಕ್ಕಿದ್ದು, ಅತ್ತಿದ್ದು?"

ಪದ್ಮರಾಜ ಪರದೆಯನ್ನು ನೋಡಿ, ತಡವರಿಸಿ ಕೇಳಿದ. "ಹಡದದ್ದು ತವರಾಗೇನು ತಂಗಿ? ನಿಮ್ಮಪ್ಪನ ದನಿ ಬಿಟ್ಟು ಆ ಮನೀದೆಲ್ಲಾ ಮುಂಜಾನೆನ ಅಳಿಸಿಹೋಗೇತಿ."

ಯಂತ್ರದೊಳಗಿಂದ ತಿಪ್ಪವ್ವ ಇನ್ನೂ ಬೈಯುತ್ತಲೇ ಇದ್ದಳು. ಪದ್ಮರಾಜ ಗಡಬಡಿಸಿ ಅದನ್ನು ಬಂದ್ ಮಾಡಲು ಕೈ ಚಾಚಿದ.

ನೀಲಗಂಗಾ ಆ ಕೈ ಹಿಡಿದುಕೊಂಡಳು.

"ಇರಲಿ, ಹಚ್ಚ್ರಿ. ನಂಗೊಂದು ಕೂಸಿತ್ತು ಅನ್ನೂದು ಇನ್ನ ಇದರಾಗಷ್ಟ ಐತಿ."